ಭಾನುವಾರದ ಗಂಟೆಯೂ ಬಾಲಕರ ಪಂದ್ಯವೂ

ನಮ್ಮ ದೇವಾಲಯದ ಕಟ್ಟಡವನ್ನು ಕುರಿತು, ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕುರಿತು ಈ ಶತಮಾನೋತ್ಸವ ಸಂಚಿಕೆಯಲ್ಲಿ ಬಲ್ಲವರು ಬರೆದಿದ್ದಾರೆ. ನಾವು ಆರಿಸಿಕೊಂಡಿರುವ ವಿಷಯವನ್ನು ಕಂಡು ಕೆಲವು ಹಿರಿಯರು ಹುಬ್ಬೇರಿಸಿಯಾರು. ಕುಕ್ ಟೌನಿನ ಬಾಲಕರು ತಲೆಮಾರುಗಳಿಂದ ಆಡಿಕೊಂಡು ಬಂದಿರುವ ಕ್ರಿಕೆಟ್ ಆಟವೂ ಈ ಧರ್ಮಕೇಂದ್ರದ ಚರಿತ್ರೆಯ ಒಂದು ಭಾಗವೆಂದೇ ನಮ್ಮ ಅಭಿಪ್ರಾಯ. ಜ್ಞಾನಸ್ನಾನದ ದಫ್ತರದಲ್ಲಿರುವ ಹೆಸರುಗಳೇ ಕೆಲವು ವರ್ಷಗಳ ತರುವಾಯ ಓಟಗಳ ಪುಸ್ತಕದಲ್ಲಿಯೂ ಕಾಣಿಸಿಕೊಳ್ಳುತ್ತವೆ. ಅಷ್ಟೇ ಅಲ್ಲ, ಲೀಗ್ ಪಂದ್ಯಗಳು ಬಹುಮಟ್ಟಿಗೆ ಭಾನುವಾರ ಬೆಳಗ್ಗೆ ನಡೆಯುವುದರಿಂದ, ದೇವಾಲಯದ ಗಂಟೆ ಮತ್ತು ಪಂದ್ಯದ ಆರಂಭ ಇವೆರಡರ ನಡುವೆ ಸಿಕ್ಕಿಕೊಂಡ ಹುಡುಗನೊಬ್ಬ ಪ್ರತಿಯೊಂದು ಕಾಲದಲ್ಲಿಯೂ ಇದ್ದೇ ಇದ್ದಾನೆ. ಈ ಲೇಖನ ಮುಖ್ಯವಾಗಿ ಆ ಹುಡುಗನನ್ನು ಕುರಿತದ್ದು.

ಆಟವು ಈ ಕಡೆಗೆ ಬಂದದ್ದು ದಂಡಿನೊಂದಿಗೆ. 1809ರಲ್ಲಿ ಆಂಗ್ಲರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ಬೆಂಗಳೂರಿಗೆ ತಂದು ದಂಡುಪ್ರದೇಶವನ್ನು ಕಟ್ಟಿದರು. ಸಿಪಾಯಿಗಳ ಕವಾಯಿತಿಗೆ ಮೈದಾನ ಬೇಕಾಗಿತ್ತು. ಕವಾಯಿತು ಮುಗಿದ ಮೇಲೆ ಅದೇ ಮೈದಾನದಲ್ಲಿ ಚೆಂಡು ದಾಂಡು ಕಾಣಿಸಿಕೊಂಡವು. ಆ ದಂಡಿನಲ್ಲಿ ಐರಿಷ್ ಕಥೋಲಿಕರೂ ಇದ್ದರು. ಸಂತ ಪ್ಯಾಟ್ರಿಕರ ದೇವಾಲಯವು ಅವರ ನೆನಪನ್ನು ಇಂದಿಗೂ ಹೊತ್ತು ನಿಂತಿದೆ. ಇಲ್ಲೊಂದು ಸ್ವಾರಸ್ಯವಿದೆ. ಆ ಕಾಲದಲ್ಲಿ ನಮ್ಮ ಆತ್ಮಪಾಲನೆಗೆ ಬಂದವರು ಪ್ಯಾರಿಸ್ ವಿದೇಶಿ ಮಿಷನ್ ಸಭೆಯ ಫ್ರೆಂಚ್ ಗುರುಗಳು. ಕ್ರಿಕೆಟ್ ಅವರ ದೇಶದ ಆಟವಲ್ಲ. ದೇವಾಲಯಗಳನ್ನು ಕಟ್ಟಿಸಿ ಶಾಲೆಗಳನ್ನು ತೆರೆದ ಆ ಪುಣ್ಯಾತ್ಮರಿಗೆ, ಹನ್ನೊಂದು ಮಂದಿ ಬಿಸಿಲಿನಲ್ಲಿ ನಿಂತು ಇಬ್ಬರನ್ನು ಕಾಯುವ ಈ ಕ್ರೀಡೆ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಪ್ರೊಟೆಸ್ಟೆಂಟರ ವಿಷಯ ಬೇರೆ. ಬಿಷಪ್ ಕಾಟನ್ ಶಾಲೆ ಆರಂಭವಾದದ್ದು 1865ರಲ್ಲಿ. ಅದು ಯಾರ ಹೆಸರನ್ನು ಹೊತ್ತಿದೆಯೋ ಆ ಜಾರ್ಜ್ ಕಾಟನ್‌ರವರು ಕಲಕತ್ತೆಯ ಆಂಗ್ಲಿಕನ್ ಬಿಷಪರು. ಅದಕ್ಕೆ ಮುನ್ನ ಇಂಗ್ಲೆಂಡಿನ ಮಾರ್ಲ್‌ಬರೋ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದಾಗ, ಕೈಮೀರಿದ್ದ ಹುಡುಗರನ್ನು ಹದಕ್ಕೆ ತರಲು ಕ್ರಮಬದ್ಧವಾದ ಆಟಗಳನ್ನು ಬಳಸಿದವರು. ಮೈದಾನವೂ ಗುಣಶಿಕ್ಷಣದ ಒಂದು ಸ್ಥಳವೆಂಬ ಭಾವನೆ ಅವರ ಪರಂಪರೆಯಿಂದ ಬಂದದ್ದು. ನಮ್ಮವರು ಅದನ್ನು ತುಸು ತಡವಾಗಿ ಕಲಿತರು. 1882ರಲ್ಲಿ ಫ್ರೆಂಚ್ ಗುರುಗಳು ಸ್ಥಾಪಿಸಿದ ಸಂತ ಜೋಸೆಫರ ವಿದ್ಯಾಸಂಸ್ಥೆ 1937ರಲ್ಲಿ ಯೇಸುಸಭೆಯವರ ಕೈಗೆ ಬಂದಿತು. ಅಷ್ಟರಲ್ಲಿ ಜೋಸೆಫರ ಹುಡುಗರಿಗೂ ಕಾಟನ್ ಹುಡುಗರಿಗೂ ಮೈದಾನದಲ್ಲಿ ಸೆಣಸಾಟ ಬೆಳೆದಿತ್ತು. ಒಂದು ಮಾತನ್ನು ಮರೆಮಾಚಬಾರದು. ಒಂದೇ ಸಂತರ ಹೆಸರಿನ ಶಾಲೆ ಆ ದಿನಗಳಲ್ಲಿ ಎರಡಾಗಿತ್ತು. ಯೂರೋಪಿಯನ್ ಬಾಲಕರಿಗೆ ಒಂದು, ಭಾರತೀಯ ಬಾಲಕರಿಗೆ ಇನ್ನೊಂದು. ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದವರು ಬೇರೆ ಬೇರೆ ತಂಡಗಳಲ್ಲಿ ಆಡುತ್ತಿದ್ದರು.

ಮುಂಬಯಿಯಲ್ಲಿ ಇದೇ ಭೇದ ಇನ್ನೊಂದು ರೂಪ ತಾಳಿತ್ತು. ಅಲ್ಲಿನ ಪಂಚಕೋನ ಪಂದ್ಯಾವಳಿಯಲ್ಲಿ ಹಿಂದೂ, ಮುಸಲ್ಮಾನ, ಪಾರಸಿ, ಯೂರೋಪಿಯನ್ ತಂಡಗಳ ಜೊತೆಗೆ 1937ರಿಂದ 'ಉಳಿದವರು' ಎಂಬ ಹೆಸರಿನ ಐದನೆಯ ತಂಡ ಸೇರಿತು. ಭಾರತೀಯ ಕ್ರೈಸ್ತರು ಆ ಉಳಿದವರಲ್ಲಿ ಬರುತ್ತಿದ್ದರು. 1943ರ ಅಂತಿಮ ಪಂದ್ಯದಲ್ಲಿ ಹಿಂದೂ ತಂಡದ ವಿರುದ್ಧ ಆ ತಂಡ ಗಳಿಸಿದ 387 ಓಟಗಳಲ್ಲಿ 309 ಓಟಗಳನ್ನು ವಿಜಯ್ ಹಜಾರೆ ಎಂಬ ಕ್ರೈಸ್ತ ತರುಣ ಒಬ್ಬನೇ ಹೊಡೆದ. ತಂಡವೇನೋ ಸೋತಿತು. ಮತದ ಹೆಸರಿನಲ್ಲಿ ತಂಡ ಕಟ್ಟುವ ಆ ಪದ್ಧತಿ 1946ಕ್ಕೆ ನಿಂತುಹೋದದ್ದು ಒಳ್ಳೆಯದೇ ಆಯಿತು.

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಈಗಿನ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಅದೇ. ಮರುವರ್ಷ ರಣಜಿ ಪಂದ್ಯಾವಳಿ ಆರಂಭವಾದಾಗ ಮೊಟ್ಟಮೊದಲ ಪಂದ್ಯ ಚೆಪಾಕ್ ಮೈದಾನದಲ್ಲಿ ಮದ್ರಾಸಿಗೂ ಮೈಸೂರಿಗೂ ನಡೆಯಿತು. ಮದ್ರಾಸಿನ ಗೋಪಾಲನ್ ಎಸೆದ ಮೊದಲ ಚೆಂಡನ್ನು ಎದುರಿಸಿದವರು ನಮ್ಮ ಕಡೆಯ ಕರ್ಟಿಸ್. ಮೈಸೂರು 48ಕ್ಕೂ ಮತ್ತೆ 59ಕ್ಕೂ ಉರುಳಿತು; ಮದ್ರಾಸು 130 ಗಳಿಸಿತ್ತು. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಆ ದಿನ 1934ರ ನವೆಂಬರ್ 4. ನಾವು ಪಂಚಾಂಗವನ್ನು ತಿರುವಿಹಾಕಿ ನೋಡಿದೆವು. ಅದು ಭಾನುವಾರ!

ಈಗ ಭಾನುವಾರದ ಮಾತಿಗೆ ಬರೋಣ. ಇಂದಿನ ಮಕ್ಕಳಿಗೆ ಹಳೆಯ ಕಟ್ಟಳೆ ಎಂಥದಿತ್ತೆಂದು ತಿಳಿಯದು. 1953ಕ್ಕೆ ಮುನ್ನ ಪರಮಪ್ರಸಾದ ಸ್ವೀಕರಿಸುವವನು ಹಿಂದಿನ ಮಧ್ಯರಾತ್ರಿಯಿಂದ ಅನ್ನವನ್ನಿರಲಿ, ಒಂದು ಗುಟುಕು ನೀರನ್ನೂ ಮುಟ್ಟುವಂತಿರಲಿಲ್ಲ. ಆದುದರಿಂದಲೇ ಪೂಜೆಗಳೆಲ್ಲ ಮುಂಜಾನೆಯೇ ನಡೆಯುತ್ತಿದ್ದವು. ಸಂಜೆಯ ಪೂಜೆ ಎಂಬುದು ರೂಢಿಯಲ್ಲಿರಲಿಲ್ಲ. ಪಂದ್ಯವಿರುವ ಹುಡುಗ ಒಣಗಿದ ಗಂಟಲಿನಲ್ಲಿ ಮುಂಜಾನೆಯ ಪೂಜೆಗೆ ಸೇವೆಮಾಡಿ, ಮನೆಯಲ್ಲಿ ಸಿಕ್ಕಿದ್ದನ್ನು ನುಂಗಿ, ಮೈದಾನಕ್ಕೆ ಓಡಬೇಕಾಗಿತ್ತು. ಗಟ್ಟಿ ನೆಲದ ಮೇಲೆ ನಾರಿನ ಮ್ಯಾಟ್ ಹಾಸಿ, ಎಳೆದು, ಅಂಚುಗಳಿಗೆ ಮೊಳೆ ಹೊಡೆಯುವ ಕೆಲಸ ಕಿರಿಯರ ಪಾಲಿನದು. ಅದಕ್ಕೆ ತಡವಾಗಿ ಬಂದವನಿಗೆ ಹಿರಿಯರಿಂದ ಸಹಸ್ರನಾಮ.

1953ರ ಜನವರಿ 6ರಂದು ಜಗದ್ಗುರು ಹನ್ನೆರಡನೆಯ ಪಯಸ್‌ರವರು, ನೀರು ಕುಡಿದರೆ ಉಪವಾಸ ಭಂಗವಾಗದೆಂದು ವಿಧಿಸಿ, ಸಂಜೆಯ ಪೂಜೆಗೂ ಕೆಲವು ಸಂದರ್ಭಗಳಲ್ಲಿ ಅವಕಾಶ ಕೊಟ್ಟರು. 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು. 1964ರಲ್ಲಿ ಆರನೆಯ ಪೌಲರು ಅದನ್ನು ಒಂದು ಗಂಟೆಗೆ ಇಳಿಸಿದರು. 1967ರ ರೋಮಿನ ಸೂಚನಾಪತ್ರವು, ಅನುಮತಿ ಇರುವ ಕಡೆಗಳಲ್ಲಿ, ಶನಿವಾರ ಸಂಜೆಯ ಪೂಜೆಯಿಂದಲೇ ಭಾನುವಾರದ ಕರ್ತವ್ಯ ಸಲ್ಲುವುದೆಂದು ಸ್ಪಷ್ಟಪಡಿಸಿತು. ಈ ಸುಧಾರಣೆಗಳನ್ನು ಯಾರೂ ಕ್ರಿಕೆಟ್ಟಿಗಾಗಿ ಮಾಡಲಿಲ್ಲ. ಕಾರ್ಖಾನೆಯ ಪಾಳಿಯವರು, ದಾದಿಯರು, ರೈಲ್ವೆಯವರು, ಇವರೆಲ್ಲರ ಕಷ್ಟವೂ ಧರ್ಮಸಭೆಯ ಕಣ್ಣಿಗೆ ಬಿದ್ದಿತ್ತು. ಆದರೂ ಅದರ ಫಲವನ್ನುಂಡವರಲ್ಲಿ ನಮ್ಮ ಹುಡುಗರೂ ಸೇರಿದ್ದಾರೆ.

1983ನೆಯ ಇಸವಿಯನ್ನು ನಾವು ಗುರುಮಠದಲ್ಲಿ ಕಳೆದೆವು. ಆ ವರ್ಷದ ಜೂನ್ 25, ಶನಿವಾರ, ಲಾರ್ಡ್ಸ್ ಮೈದಾನದಲ್ಲಿ ಭಾರತವು ವಿಶ್ವಕಪ್ಪನ್ನು ಗೆದ್ದಿತು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ 18 ವಿಕೆಟ್ ಪಡೆದವರು ನಮ್ಮ ಊರಿನ ರೋಜರ್ ಬಿನ್ನಿ. ಭಾರತದ ಪರವಾಗಿ ಟೆಸ್ಟ್ ಆಡಿದ ಪ್ರಥಮ ಆಂಗ್ಲೋ-ಇಂಡಿಯನ್. ದಂಡಿನ ಪ್ರದೇಶದ ಮನೆಮನೆಯೂ ಅಂದು ತನ್ನದೇ ಮಗ ಗೆದ್ದಂತೆ ಹಿಗ್ಗಿತು. ಅದೇ ವರ್ಷ ನವೆಂಬರ್ 27ರಂದು, ಆಗಮನಕಾಲದ ಮೊದಲ ಭಾನುವಾರ, ಧರ್ಮಸಭೆಯ ನೂತನ ಕಾನೂನು ಸಂಹಿತೆ ಜಾರಿಗೆ ಬಂದಿತು. ಅದರ 1248ನೆಯ ವಿಧಿ, ಆ ದಿನವಾಗಲಿ ಹಿಂದಿನ ಸಂಜೆಯಾಗಲಿ ಪೂಜೆಯಲ್ಲಿ ಭಾಗಿಯಾದವನು ತನ್ನ ಕರ್ತವ್ಯವನ್ನು ಪೂರೈಸಿದಂತೆ ಎನ್ನುತ್ತದೆ. 1245ನೆಯ ವಿಧಿಯಂತೆ, ನ್ಯಾಯವಾದ ಕಾರಣವಿದ್ದರೆ ಪಾಲಕ ಗುರುವೇ ಒಬ್ಬೊಬ್ಬರಿಗೆ ವಿನಾಯಿತಿ ನೀಡಬಹುದು. ನಾವು ಇವೆರಡನ್ನೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು.

ಬಾಯಿಪಾಠ ಮಾಡಿದ್ದು ಹೃದಯಕ್ಕೆ ಇಳಿಯಲು ಕಾಲ ಬೇಕಾಯಿತು. ಪಾಲಕ ಗುರುವಾಗಿ ನಾವು ನೇಮಕಗೊಂಡ ಮೊದಲ ಧರ್ಮಕೇಂದ್ರದಲ್ಲಿ ಹದಿನಾಲ್ಕು ವರ್ಷದ ಪೀಠಸೇವಕನೊಬ್ಬನಿದ್ದ. ಆಫ್ ಸ್ಪಿನ್ ಬೌಲರ್. ಅಲ್ಲಿ ಭಾನುವಾರ ಒಂದೇ ಪೂಜೆ, ಎಂಟು ಗಂಟೆಗೆ. ಶನಿವಾರ ಸಂಜೆಯ ಪೂಜೆ ಇರಲಿಲ್ಲ. ಕಾನೂನು ಬಂದಿತ್ತು, ನಮ್ಮ ವೇಳಾಪಟ್ಟಿಗೆ ಅದು ಬಂದಿರಲಿಲ್ಲ. ಒಂದು ಶುಕ್ರವಾರ ಹುಡುಗ ಬಂದು, "ಫಾದರ್, ಈ ಭಾನುವಾರ ಸೆಮಿಫೈನಲ್ಲು. ಒಂದು ಸಲ ಬಿಟ್ಟುಕೊಡ್ತೀರಾ?" ಎಂದು ಕೇಳಿದ. ನಾವು, "ದೇವರಿಗಿಂತ ಆಟ ದೊಡ್ಡದೇನಪ್ಪಾ?" ಎಂದೆವು. ಹುಡುಗ ಎದುರಾಡಲಿಲ್ಲ. ಭಾನುವಾರ ಪೂಜೆಗೆ ಸೇವೆಮಾಡಿ, ಮೇಲಂಗಿಯನ್ನು ಮಡಚಿಟ್ಟು, ಸೈಕಲ್ಲಿನಲ್ಲಿ ಹೋದ. ನಾಣ್ಯ ಹಾರಿಸುವ ಹೊತ್ತಿಗೆ ಹನ್ನೊಂದು ಮಂದಿಯ ಪಟ್ಟಿಯನ್ನು ನಾಯಕರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ; ಅದರಲ್ಲಿ ಹೆಸರಿಲ್ಲದವನು ಚೆಂಡೆಸೆಯುವಂತಿಲ್ಲ. ಅವನು ದಿನವಿಡೀ ನೀರು ಹೊತ್ತ. ತಂಡ ಸೋತಿತು. ಮುಂದಿನ ತಿಂಗಳಿಂದ ಅವನು ಪೀಠಸೇವೆಗೆ ಬರಲಿಲ್ಲ. ಪರೀಕ್ಷೆಯ ಓದು ಎಂದು ತಾಯಿ ಹೇಳಿದರು. ಒಂದು ಮಾತಿನ ವಿನಾಯಿತಿ ಕೊಡುವ ಅಧಿಕಾರ ನಮಗಿತ್ತು. ಕೊಡಲಿಲ್ಲ.

ಬಾಲಕರ ಋತುವೊಂದು ಹೊರಗಿನವರಿಗೆ ಕಾಣುವುದಕ್ಕಿಂತ ಭಾರವಾದದ್ದು. ರಾಜ್ಯ ಸಂಸ್ಥೆಯ ಆಶ್ರಯದಲ್ಲಿ ಶಾಲೆಗಳಿಗೆ ಬಿ.ಟಿ.ಆರ್. ಶೀಲ್ಡ್ ಇದೆ, ಕಾಟನ್ ಶಾಲೆಯ ಹೆಸರಿನ ಕಾಟೋನಿಯನ್ ಶೀಲ್ಡ್ ಇದೆ, ಕ್ಲಬ್ಬುಗಳ ಕಿರಿಯರಿಗೆ ಬೇರೆ ಪಂದ್ಯಗಳಿವೆ. ಲೀಗಿನಲ್ಲಿ ಒಂದು ದಿನ ಎಡವಿದವನಿಗೆ ಮುಂದಿನ ವಾರವಿದೆ. ಕಪ್ಪಿನ ಪಂದ್ಯದಲ್ಲಿ ಎಡವಿದರೆ ಆ ವರ್ಷವೇ ಮುಗಿಯಿತು. ಇದನ್ನು ಹದಿಮೂರು ಹದಿನಾಲ್ಕರ ವಯಸ್ಸಿಗೇ ಕಲಿಯಬೇಕು. ಇದೇ ಶಾಲಾ ಪಂದ್ಯಗಳಿಂದ ಮೇಲೆ ಬಂದವರು ಸಂತ ಜೋಸೆಫರ ಬಾಲಕರ ಪ್ರೌಢಶಾಲೆಯ ರಾಹುಲ್ ದ್ರಾವಿಡ್. ರಾಜ್ಯ ಸಂಸ್ಥೆಯ ಬೇಸಿಗೆ ಶಿಬಿರದಲ್ಲಿ ಅವರನ್ನು ಗುರುತಿಸಿದವರು ಕೇಕಿ ತಾರಾಪೋರ್. ಟೆಸ್ಟ್ ಪಂದ್ಯಗಳಲ್ಲಿ 13,288 ಓಟಗಳನ್ನು ಗಳಿಸಿದ ಅವರು ನಮ್ಮ ಮತದವರಲ್ಲ, ನಮ್ಮ ಶಾಲೆಯವರು. ಆ ಸಂಬಂಧವೇ ನಮಗೆ ಸಾಕು.

2018ರ ಜನವರಿಯಲ್ಲಿ ಅವರ ಮಗ ಸಮಿತ್ 14 ವರ್ಷದೊಳಗಿನವರ ಬಿ.ಟಿ.ಆರ್. ಪಂದ್ಯದಲ್ಲಿ 150 ಓಟ ಹೊಡೆದ. ಸುನಿಲ್ ಜೋಷಿಯವರ ಮಗ ಆರ್ಯನ್ 154 ಹೊಡೆದ. ಅವರ ಶಾಲೆ 50 ಓವರುಗಳಲ್ಲಿ 500 ಗಳಿಸಿತು. ಎದುರಾಳಿಗಳು 88ಕ್ಕೆ ಮುಗಿದರು. ಅಂತರ 412 ಓಟಗಳು. ದೇಶದ ಪತ್ರಿಕೆಗಳೆಲ್ಲ ಆ ಇಬ್ಬರು ಬಾಲಕರನ್ನು ಹೊಗಳಿದವು. ಹೊಗಳಿಕೆಗೆ ಅವರು ಅರ್ಹರೇ. ನಮ್ಮ ಮನಸ್ಸು ಮಾತ್ರ ಆ ಇನ್ನೊಂದು ತಂಡದ ಹಿಂದೆ ಹೋಯಿತು. 50 ಓವರುಗಳ ಕಾಲ ಗಡಿಯ ಗೆರೆಯಾಚೆಯಿಂದ ಚೆಂಡನ್ನು ಹೆಕ್ಕಿ ತಂದು, ಕೊನೆಯವರೆಗೂ ನಿಂತು, ಆಮೇಲೆ ಕೈಕುಲುಕಿ ಮನೆಗೆ ಹೋದ ಹನ್ನೊಂದು ಮಕ್ಕಳು. ಯಾವ ಧರ್ಮಕೇಂದ್ರದ ತಂಡವನ್ನು ನೋಡಿದರೂ ಬಹುಪಾಲು ಹುಡುಗರು ಅಂಥವರೇ. ಬಿನ್ನಿ ಒಬ್ಬ, ದ್ರಾವಿಡ್ ಒಬ್ಬ. 88ಕ್ಕೆ ಮುಗಿಯುವವರು ನೂರಾರು. ಪಾಲಕ ಗುರುವಿನ ಬಾಗಿಲಿಗೆ ಬರುವವರು ಇವರು.

ರೋಮಿಗೂ ಆಟ ತಲುಪಿತು. 2013ರಲ್ಲಿ ವ್ಯಾಟಿಕನ್ನಿನಲ್ಲಿ ಸಂತ ಪೇತ್ರರ ಹೆಸರಿನ ಕ್ರಿಕೆಟ್ ಕ್ಲಬ್ ಆರಂಭವಾಯಿತು. ಆಡುವವರಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯ ಗುರುವಿದ್ಯಾರ್ಥಿಗಳೇ ಹೆಚ್ಚು. ಮರುವರ್ಷ ಕ್ಯಾಂಟರ್ಬರಿಗೆ ಹೋಗಿ ಆಂಗ್ಲಿಕನ್ ಸಭೆಯ ತಂಡದೊಡನೆ ಆಡಿ, ಸೋತು ಬಂದರು. ಕಾಟನ್ ಪರಂಪರೆಯವರು ಇಲ್ಲಿಯೂ ಒಂದು ಹೆಜ್ಜೆ ಮುಂದೆಯೇ!

ಕುಕ್ ಟೌನಿನಲ್ಲಿ ಈಗ ಹುಡುಗರಿಗೆ ಪೂಜೆಗಿಂತ ನೆಲವೇ ದೊಡ್ಡ ಸಮಸ್ಯೆ. ತೋಟದ ಬಂಗಲೆಗಳು ಹೋಗಿ ಅಪಾರ್ಟ್‌ಮೆಂಟುಗಳೆದ್ದಿವೆ. ಮಿಲ್ಟನ್ ರಸ್ತೆಯ ಆಸುಪಾಸಿನ ಓಣಿಗಳಲ್ಲಿ ನಿಲ್ಲಿಸಿದ ಕಾರುಗಳ ನಡುವೆ ಟೆನಿಸ್ ಚೆಂಡಿನ ಆಟ ಸಾಗುತ್ತದೆ. ಗಾಜು ಒಡೆದ ದೂರು ಕಚೇರಿಗೆ ಬಂದಾಗ ನಾವೇ ಮಧ್ಯಸ್ಥರು. ದೇವಾಲಯದ ಅಂಗಳದಲ್ಲಿ ಸಂಜೆ ಆಡಲು ಬಿಟ್ಟಿದ್ದೇವೆ. ಮಾತೆಯ ಗವಿಯ ಕಡೆಗೆ ಹೊಡೆದವನು ಔಟು ಎಂಬ ನಿಯಮ ಹುಡುಗರೇ ಮಾಡಿಕೊಂಡದ್ದು.

ಶನಿವಾರ ಸಂಜೆಯ ಪೂಜೆಯನ್ನು ನಾವು ಇಲ್ಲಿ ತಪ್ಪಿಸಿಲ್ಲ. ಋತು ನಡೆಯುತ್ತಿರುವಾಗ ಹಿಂದಿನ ಬಾಗಿಲಿನ ಬಳಿ, ತೀರ್ಥದ ತೊಟ್ಟಿಯ ಪಕ್ಕದ ಗೋಡೆಗೆ, ಕಿಟ್ ಚೀಲಗಳು ಸಾಲಾಗಿ ಒರಗಿರುತ್ತವೆ. ಹಿರಿಯರ ಕಾಲಿಗೆ ತಗಲುತ್ತವೆಂದು ದೇವಾಲಯದ ಸೇವಕರು ಮೊದಮೊದಲು ಆಕ್ಷೇಪಿಸಿದರು. ಈಗ ಅವರೇ ಆ ಮೂಲೆಯ ಬೆಂಚನ್ನು ಸರಿಸಿ ಜಾಗ ಮಾಡಿಕೊಟ್ಟಿದ್ದಾರೆ.