ಸಂಸಾರ ಯಾವಾಗ ಮುಂಬೈಗೆ ಹೋಯಿತು?

ಕರಾವಳಿಯಿಂದ ಮುಂಬೈಗೆ ಹೋದವರ ಚರಿತ್ರೆಯನ್ನು ನಾವು ಒಬ್ಬ ಹುಡುಗನ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೇವೆ. ಸಣ್ಣ ವಯಸ್ಸಿಗೆ ಊರು ಬಿಟ್ಟ, ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ, ರಾತ್ರಿ ಶಾಲೆಯಲ್ಲಿ ಕಲಿತ, ಕೊನೆಗೆ ತಾನೇ ಗಲ್ಲಾದಲ್ಲಿ ಕೂತ. ಇದು ಸುಳ್ಳಲ್ಲ, ನೂರಾರು ಮಂದಿಯ ಬದುಕು ಹಾಗೆಯೇ ನಡೆದಿದೆ. ಆದರೆ ಅವನ ಹೆಂಡತಿ ಮಕ್ಕಳು ಅಲ್ಲಿಗೆ ಯಾವಾಗ ಹೋದರು, ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಿದವರು ಯಾರು ಎಂಬುದನ್ನು ಆ ಕಥೆ ಹೇಳುವುದಿಲ್ಲ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಸಂಸಾರ ತಾನಾಗಿ ಹಿಂದೆ ಹೋಯಿತು ಎಂಬುದು ರೂಢಿಯ ಉತ್ತರ. ನನಗೆ ಅದು ಸಾಲದು. ಸಂಸಾರ ಹೂಡುವ ತೀರ್ಮಾನವನ್ನು ಸಂಬಳಕ್ಕಿಂತ ಹೆಚ್ಚಾಗಿ ಬೇರೆ ಎರಡು ಸಂಗತಿಗಳು ನಡೆಸಿದವು: ಮುಂಬೈಯಲ್ಲಿ ತಮ್ಮದೆಂದು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮನೆ, ಮತ್ತು ಊರಿನ ಗದ್ದೆಯನ್ನು ಕೈಬಿಡದೆ ಹಿಡಿದುಕೊಳ್ಳುವವರು ಯಾರು ಎಂಬ ಲೆಕ್ಕ.

ಹೋಟೆಲಿನ ಕೆಲಸದಲ್ಲಿ ಸಂಬಳದ ಒಂದು ಭಾಗ ಊಟ, ಇನ್ನೊಂದು ಭಾಗ ಮಲಗಲು ಜಾಗ. ರಾತ್ರಿ ಬಾಗಿಲು ಎಳೆದ ಮೇಲೆ ನೆಲ ತೊಳೆದು, ಮೇಜುಗಳನ್ನು ಒಂದಕ್ಕೊಂದು ಸೇರಿಸಿ, ಅವುಗಳ ಮೇಲೋ ಕೆಳಗೋ ಚಾಪೆ ಬಿಡಿಸಿಕೊಂಡರೆ ಅದೇ ಬಿಡಾರ. ಬೆಳಗಿನ ಜಾವ ಹಾಲಿನವನು ಬರುವ ಹೊತ್ತಿಗೆ ಚಾಪೆ ಸುತ್ತಿಡಬೇಕು. ಇಂಥ ಏರ್ಪಾಡಿನಲ್ಲಿ ಸಂಬಳ ಹೆಚ್ಚಾದರೂ ಅದರ ಜೊತೆಗೆ ಒಲೆ ಹೂಡುವ ಮೂಲೆಯೊಂದು ಸಿಗುವುದಿಲ್ಲ. 1942ರಲ್ಲಿ ಮಾಟುಂಗದಲ್ಲಿ ಶುರುವಾದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಊಟದ ಮನೆಗಳು ಬೆಳೆದದ್ದೂ ಮನೆಯಲ್ಲಿ ಒಲೆಯಿಲ್ಲದ ಗಂಡಸರು ನಗರದಲ್ಲಿ ಅಷ್ಟೊಂದು ಮಂದಿ ಇದ್ದುದರಿಂದಲೇ. ಇದು ನಮ್ಮವರೊಬ್ಬರ ಪಾಡಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಜನಗಣತಿಯಲ್ಲಿ ಮುಂಬೈಯ ಸಾವಿರ ಗಂಡಸರಿಗೆ ಹೆಂಗಸರು ಆರುನೂರರ ಆಸುಪಾಸಿನಲ್ಲಿದ್ದರು, ಕೆಲವು ಗಣತಿಗಳಲ್ಲಿ ಅದಕ್ಕೂ ಕಡಿಮೆ. ರತ್ನಾಗಿರಿಯಿಂದ ಗಿರಣಿಗೆ ಬಂದವನೂ ಸಂಸಾರವನ್ನು ಊರಲ್ಲಿ ಬಿಟ್ಟೇ ಬಂದಿದ್ದ. 1920ರ ದಶಕದಲ್ಲಿ ಸರಕಾರ ವರಳಿ, ನಾಯಗಾಂವ್‌ಗಳಲ್ಲಿ ಕಾರ್ಮಿಕರಿಗೆಂದು ಚಾಳುಗಳನ್ನು ಕಟ್ಟಿಸಿದಾಗಲೂ ಕೊಟ್ಟದ್ದು ಒಂದೊಂದೇ ಕೋಣೆ, ಕಕ್ಕಸು ಸಾರ್ವಜನಿಕ.

ಅದೇ ಕರಾವಳಿಯಿಂದ ಹೋದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ನೋಡಿದರೆ ಮನೆಯ ತೂಕ ತಿಳಿಯುತ್ತದೆ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಹೀಗಾಗಿ ಕಾರವಾರ, ಕುಮಟೆ, ಹೊನ್ನಾವರದವರಿಗೆ ಓದಿಗೂ ನೌಕರಿಗೂ ಮುಂಬೈಯೇ ರಾಜಧಾನಿ. ಆ ದಾರಿಯಲ್ಲಿ ಹೋದ ಚಿತ್ರಾಪುರ ಸಾರಸ್ವತರು 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕನ್ನು ಕಟ್ಟಿದರು. 1915ರಲ್ಲಿ ಅವರೇ ಗಾಮದೇವಿಯಲ್ಲಿ ಗೃಹನಿರ್ಮಾಣ ಸಹಕಾರಿ ಸಂಘವೊಂದನ್ನು ಆರಂಭಿಸಿದರು; ನಮ್ಮ ದೇಶದ ಇಂಥ ಸಂಘಗಳ ಪೈಕಿ ತೀರಾ ಮೊದಲಿನದು ಅದು. ಎರಡರ ಹಿಂದೆಯೂ ಇದ್ದವರು ಶ್ರೀಪಾದ ಸುಬ್ರಾವ್ ತಲ್ಮಕಿ. ನಡುವಯಸ್ಸಿನ ಗುಮಾಸ್ತನೊಬ್ಬ ಬಾಡಿಗೆಗೆ ಅಲೆಯುವ ಬದಲು ಹತ್ತು ಮಂದಿಯ ಜೊತೆ ಹಣ ಹಾಕಿ ಕಟ್ಟಡ ಎಬ್ಬಿಸಬಹುದು ಎಂದು ಅವರು ತೋರಿಸಿಕೊಟ್ಟರು. ಅಲ್ಲಿ ಸಂಸಾರಗಳು ನೆಲೆಯೂರಿದವು.

ಗುಮಾಸ್ತನ ಸಂಬಳವೂ ಹೋಟೆಲ್ ಮಾಣಿಯ ಸಂಬಳವೂ ಒಂದೇ ಅಲ್ಲ, ಹಾಗಾಗಿ ಇದು ಕೊನೆಗೂ ದುಡ್ಡಿನ ವ್ಯತ್ಯಾಸವೇ ಎಂದು ಯಾರಾದರೂ ಹೇಳಬಹುದು. ಒಪ್ಪತಕ್ಕ ಮಾತು. ಓದು, ಜಾತಿ, ನೌಕರಿ ಮೂರೂ ಅವರಿಗೆ ಅನುಕೂಲವಾಗಿದ್ದವು. ಆದರೆ ಅಷ್ಟು ಅನುಕೂಲವಿದ್ದವರಿಗೂ ಸಂಬಳವೊಂದರಿಂದಲೇ ಮನೆ ಸಿಕ್ಕಿರಲಿಲ್ಲ, ಅದಕ್ಕೆ ಸಂಘ ಕಟ್ಟಬೇಕಾಯಿತು ಎಂಬುದನ್ನು ಮರೆಯಬಾರದು. ತುಳುನಾಡಿನ ಕೆಲಸಗಾರರೂ ಸಂಘಟನೆಯಲ್ಲಿ ಹಿಂದೆ ಬಿದ್ದವರಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಬಂಟರ ಸಂಘ 1927ರದು. ದುಡಿಯುವ ಹುಡುಗರಿಗೆಂದು ರಾತ್ರಿ ಶಾಲೆಗಳು ಕೋಟೆ ಪ್ರದೇಶದಲ್ಲಿ ನಡೆದವು. ಆ ಶಾಲೆಗಳ ಉಪಕಾರ ದೊಡ್ಡದು. ಆದರೂ ಅವು ಒಂಟಿಯಾಗಿ ಬಂದವನ ಕೊರತೆಯನ್ನು ತುಂಬಿದವೇ ಹೊರತು, ಸಂಸಾರವನ್ನು ಕರೆತರುವ ದಾರಿ ಅವುಗಳಿಂದ ತೆರೆಯಲಿಲ್ಲ.

ಇನ್ನು ಊರಿನ ಕಡೆಯ ಲೆಕ್ಕ. ಬಂಟರು, ಬಿಲ್ಲವರು, ಮೊಗವೀರರಲ್ಲಿ ಅಳಿಯಸಂತಾನ ಕಟ್ಟು ಇತ್ತು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು, ಮಕ್ಕಳು ತಾಯಿಯ ಮನೆಗೆ ಸೇರಿದವರು. ಹೆಂಡತಿ ಮುಂಬೈಗೆ ಹೊರಡುವುದೆಂದರೆ ತನ್ನ ಹಕ್ಕಿನ ನೆಲದಿಂದ ದೂರ ಹೋಗುವುದು. ಹಾಗಾದರೆ ಕಟ್ಟುಪಾಡೇ ಅವಳನ್ನು ತಡೆಯಿತು ಎನ್ನೋಣವೇ? ಪೂರ್ತಿ ಹಾಗಲ್ಲ. ಅಳಿಯಸಂತಾನವಿಲ್ಲದ ರತ್ನಾಗಿರಿಯ ಹೆಂಗಸೂ ಊರಲ್ಲೇ ಉಳಿದಿದ್ದಳು. ಎರಡೂ ಕಡೆ ನಡೆದದ್ದು ಒಂದೇ ಲೆಕ್ಕಾಚಾರ: ಪಟ್ಟಣದ ಕೆಲಸ ಯಾವಾಗ ಹೋದೀತೋ ತಿಳಿಯದು, ಗದ್ದೆ ಮಾತ್ರ ಕೈಯಲ್ಲಿರಬೇಕು. 1896ರಲ್ಲಿ ಪ್ಲೇಗು ಬಂದಾಗ ಲಕ್ಷಾಂತರ ಜನ ಮುಂಬೈ ಬಿಟ್ಟು ಓಡಿದ್ದು ಊರಿನಲ್ಲಿ ಮನೆ ಇದ್ದುದರಿಂದ. 1982ರ ಗಿರಣಿ ಮುಷ್ಕರ ಎಳೆಯುತ್ತ ಹೋದಾಗಲೂ ಕಾರ್ಮಿಕರು ಹಿಂದಿರುಗಿದ್ದು ಅಂಥ ಮನೆಗಳಿಗೇ. ದಕ್ಷಿಣ ಕನ್ನಡದಲ್ಲಿ ಈ ಲೆಕ್ಕದ ಫಲ ಸಿಕ್ಕಿದ್ದು 1974ರ ಭೂಸುಧಾರಣೆಯಲ್ಲಿ. ಚಾಲಗೇಣಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ನೆಲ ಪಡೆಯಬೇಕಾದರೆ ಸ್ವಂತ ಸಾಗುವಳಿ ತೋರಿಸಬೇಕಿತ್ತು. ಮನೆಯವರ ದುಡಿಮೆಯೂ ಸ್ವಂತ ಸಾಗುವಳಿಯೇ. ಮಗನೋ ಗಂಡನೋ ಮುಂಬೈಯಲ್ಲಿದ್ದ ಮನೆಗಳಲ್ಲಿ ನಟ್ಟಿ, ಕಳೆ, ಕೊಯ್ಲು ಮಾಡುತ್ತ ಒಕ್ಕಲನ್ನು ಉಳಿಸಿಕೊಂಡವರು ಹೆಂಗಸರು. ಹೋಗದೆ ಉಳಿದದ್ದು ಹಿಂಜರಿಕೆಯಲ್ಲ, ಅದೂ ಸಂಸಾರಕ್ಕಾಗಿ ತೆಗೆದುಕೊಂಡ ತೀರ್ಮಾನವೇ ಎಂದು ನಾನು ಗಟ್ಟಿಯಾಗಿ ನಂಬುವುದು ಇದರಿಂದ. ಅದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ವರ್ಷಕ್ಕೊಮ್ಮೆ ಊರಿಗೆ ಬರುವ ಗಂಡ, ತಂದೆಯ ಪರಿಚಯವೇ ಸರಿಯಾಗಿಲ್ಲದ ಮಕ್ಕಳು.

ಮುಂದೆ ಸ್ವಂತ ಫ್ಲಾಟುಗಳು ಉಪನಗರಗಳಲ್ಲಿ ಎದ್ದು, ಡೊಂಬಿವಲಿ, ಥಾಣೆಗಳ ತನಕ ಲೋಕಲ್ ರೈಲಿನ ಸಾಲಿನುದ್ದಕ್ಕೂ ಮನೆ ಕೊಳ್ಳುವುದು ಸಾಧ್ಯವಾದಾಗ ಕರಾವಳಿಯ ಸಂಸಾರಗಳೂ ಹೊರಟವು. ಈ ಚರಿತ್ರೆಯ ಹೋದವರ ಭಾಗ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಫೋಟೋ ಸಮೇತ ದಾಖಲಾಗಿದೆ. ಉಳಿದವರ ಭಾಗ ಇರುವುದು ಮನಿ ಆರ್ಡರ್ ಫಾರಮಿನ ಕೆಳಗಿನ ಚೂರಿನಲ್ಲಿ. ಹಣ ಎಣಿಸಿಕೊಟ್ಟ ಮೇಲೆ ಅಂಚೆಯವನು ಹರಿದುಕೊಡುತ್ತಿದ್ದ ಆ ಚೂರಿನ ನಾಲ್ಕು ಸಾಲಿನಲ್ಲಿ ಗೇಣಿ ಕಟ್ಟಿ, ಮಗನನ್ನು ಶಾಲೆಗೆ ಕಳಿಸಿ, ಮಳೆಗೆ ಮೊದಲು ಮಾಡು ಹೊದಿಸಿ ಎಂದು ಬರೆದಿರುತ್ತಿತ್ತು. ಹಳೆಯ ಮನೆ ಕೆಡವುವಾಗ ಅಂಥ ಕಟ್ಟುಗಳು ಪೆಟ್ಟಿಗೆಯ ತಳದಲ್ಲಿ ಸಿಕ್ಕರೆ ದಯವಿಟ್ಟು ಸುಡಬೇಡಿ. ಮನೆಯಲ್ಲಿ ಆ ಕಾಲದ ಅಜ್ಜಿಯರು ಇದ್ದರೆ, ಯಾಕೆ ಹೋಗಲಿಲ್ಲ, ಯಾವಾಗ ಹೋದಿರಿ ಎಂದು ಈಗಲೇ ಕೇಳಿ ಬರೆದಿಡಿ.