ಸರ್ವರ್ ಇಲ್ಲೆ, ನಾಳೆ ಬನ್ನಿ!

ಕಳೆದ ಮಳೆಗಾಲದಲ್ಲಿ ರಜೆ ಹಾಕಿ ಕುಂದಾಪುರದ ಕಡೆ ನಮ್ಮೂರಿಗೆ ಹೋಗಿದ್ದೆ. ಅಮ್ಮಮ್ಮನನ್ನು ಕರೆದುಕೊಂಡು ಒಂದು ಕಚೇರಿಗೆ ಹೋಗಬೇಕಿತ್ತು. ಯಾವ ಕಚೇರಿ ಅಂತ ಕೇಳಬೇಡಿ, ನಿಮ್ಮೂರಲ್ಲೂ ಅಂಥದ್ದೊಂದು ಇದ್ದೇ ಇದೆ. ಎರಡೂವರೆ ಗಂಟೆ ಕಾದ ಮೇಲೆ ಕೌಂಟರಿನ ಹುಡುಗ ಮುಖ ಎತ್ತಿ, "ಸರ್ವರ್ ಇಲ್ಲೆ ಅಮ್ಮ, ನಾಳೆ ಬನ್ನಿ" ಅಂದ. ರಿಕ್ಷಾದಲ್ಲಿ ವಾಪಸ್ ಬರುವಾಗ ಅಮ್ಮಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನೀ ಕಂಪ್ಯೂಟರ್ ಕಲ್ತವ ಅಲ್ದಾ? ಅದ್ ನಿಧಾನ ಆರೆ ದಂಡ ನಾವ್ ಕಟ್ಟುದ್ ಎಂತಕ್?"

ಎಂಜಿನಿಯರಿಂಗ್ ಓದಿದವನ ಬಾಯಿ ಬಂದ್! ಉತ್ತರ ಹುಡುಕಲು ಸ್ವಲ್ಪ ಇತಿಹಾಸಕ್ಕೆ ಹೋಗಬೇಕಾಯಿತು. ಬನ್ನಿ ವೀಕ್ಷಕರೇ, ನೀವೂ ಜೊತೆಗೆ ಬನ್ನಿ.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಒಂದು ಬ್ಯಾಂಕ್ ಕಟ್ಟಿದರು. ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಉಳಿತಾಯ, ಅದನ್ನು ಪಡೆಯಲು ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ಇದನ್ನು ಉಳಿತಾಯದ ಕಥೆಯಾಗಿ ಮಾತ್ರ ಹೇಳುತ್ತೇವೆ. ನನಗೆ ಇದು ಸಮಯದ ಕಥೆ. ನೇಕಾರ ಮಗ್ಗ ಬಿಟ್ಟು ಏಳಬೇಕಾಗಿರಲಿಲ್ಲ, ಅಂಗಡಿಯವನು ಬಾಗಿಲು ಹಾಕಬೇಕಾಗಿರಲಿಲ್ಲ. ಗಿರಾಕಿಯ ಹೊತ್ತು ಉಳಿಸಲು ಬ್ಯಾಂಕೇ ತನ್ನ ಹೊತ್ತು ಖರ್ಚು ಮಾಡಿತು.

ಇನ್ನು ಶಾಖೆಯೊಳಗೆ ಲೆಡ್ಜರ್ ಕಾಲ. ಹಣ ತೆಗೆಯಲು ಹೋದರೆ ಕೈಗೊಂದು ಹಿತ್ತಾಳೆ ಟೋಕನ್. ಗುಮಾಸ್ತರು ಲೆಡ್ಜರ್ ಬರೆದು, ಅಧಿಕಾರಿ ಸಹಿ ಹಾಕಿ, ಕ್ಯಾಷಿಯರ್ ನಂಬರ್ ಕೂಗಬೇಕು. ನಿಧಾನ, ಒಪ್ಪೋಣ. ಆದರೆ ಕರೆಂಟ್ ಹೋದರೂ ಲೆಡ್ಜರ್ ನಿಲ್ಲುತ್ತಿರಲಿಲ್ಲ.

1984ರಲ್ಲಿ ಡಾ. ಸಿ. ರಂಗರಾಜನ್ ಸಮಿತಿ ಬ್ಯಾಂಕುಗಳ ಯಾಂತ್ರೀಕರಣಕ್ಕೆ ದಾರಿ ತೋರಿಸಿತು. ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಆಗ ದೊಡ್ಡ ಚರ್ಚೆ ನಡೆದದ್ದು ಒಂದೇ ವಿಷಯಕ್ಕೆ: ಕೆಲಸ ಹೋಗುತ್ತದಾ? ನೌಕರರ ಪರ ಮಾತಾಡಲು ಸಂಘಟನೆ ಇತ್ತು. ಬ್ಯಾಂಕಿನ ಪರ ಆಡಳಿತ ಮಂಡಳಿ ಇತ್ತು. ಬೆಂಚಿನ ಮೇಲೆ ಕೂತ ಗಿರಾಕಿಯ ಪರ?

ಹೊರದೇಶದಲ್ಲಿ ಆ ಹೊತ್ತಿಗೆ ಕಾಯುವುದರ ಲೆಕ್ಕವನ್ನು ಸೆಕೆಂಡಿನಲ್ಲಿ ಹಾಕಲಾಗಿತ್ತು. 1982ರಲ್ಲಿ ಐಬಿಎಂನ ವಾಲ್ಟರ್ ಡೊಹರ್ಟಿ ಮತ್ತು ಅರವಿಂದ್ ಥದಾನಿ ಒಂದು ವರದಿ ಬರೆದರು. ಕಂಪ್ಯೂಟರ್ ಉತ್ತರ ಕೊಡಲು 3 ಸೆಕೆಂಡ್ ತೆಗೆದುಕೊಂಡರೆ ಒಬ್ಬ ಪ್ರೋಗ್ರಾಮರ್ ಗಂಟೆಗೆ ಸುಮಾರು 180 ವ್ಯವಹಾರ ಮುಗಿಸುತ್ತಾನೆ. 0.3 ಸೆಕೆಂಡಿಗೆ ಇಳಿಸಿದರೆ 371! ಯಾಕೆ? ಕಾಯುವಾಗ ಯೋಚನೆಯ ಎಳೆ ತುಂಡಾಗುತ್ತದೆ, ಮತ್ತೆ ಹಿಡಿಯಲು ಹೊತ್ತು ಬೇಕು. ಯಂತ್ರದ ಖರ್ಚು ಉಳಿಸಲು ಹೋದರೆ ಸಂಬಳದ ಖರ್ಚು ಏರುತ್ತದೆ ಅನ್ನುವುದು ಪಾಠ. ಆದರೆ ಅಲ್ಲೂ ಲೆಕ್ಕಕ್ಕೆ ಬಂದದ್ದು ಸಂಬಳ ಪಡೆಯುವವನ ಹೊತ್ತು ಮಾತ್ರ.

ಈಗ ನಮ್ಮ ರಾಜ್ಯಕ್ಕೆ ಬನ್ನಿ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ. ಕೈಬರಹ ತಿದ್ದುವ ಆಟ ನಿಂತಿತು, ಇದು ಸಣ್ಣ ಸಾಧನೆಯಲ್ಲ. ಆದರೆ ಮೊದಲು ಆ ಪುಸ್ತಕ ಗ್ರಾಮ ಲೆಕ್ಕಿಗರ ಬಳಿ ಇತ್ತು, ಕಂಪ್ಯೂಟರ್ ಕೂತದ್ದು ತಾಲ್ಲೂಕು ಕಚೇರಿಯಲ್ಲಿ. ಬೈಂದೂರು ಆಗ ಕುಂದಾಪುರ ತಾಲ್ಲೂಕಿನ ಭಾಗ. ಪ್ರಿಂಟರಿನಿಂದ ಹಾಳೆ ಬರಲು ನಿಮಿಷ ಸಾಕು, ಆ ಹಾಳೆಗಾಗಿ ಬೈಂದೂರಿನವರು 30 ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಬರಬೇಕು. ಯಂತ್ರದ ಹೊತ್ತು ಉಳಿಯಿತು, ಮನುಷ್ಯನ ದಿನ ಹೋಯಿತು. ಸೇವೆ ಹೋಬಳಿಯ ನಾಡಕಚೇರಿಗೆ ಇಳಿದದ್ದು, 2018ರಲ್ಲಿ ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಾದದ್ದು ಎಲ್ಲಾ ಆಮೇಲೆ.

ಕಚೇರಿ ಹತ್ತಿರ ಬಂತು ಸರಿ, ಸರತಿ ಸಾಲು ಕರಗಿತಾ? ಇಲ್ಲೊಂದು ಸಣ್ಣ ಗಣಿತ ಇದೆ. 1909ರಲ್ಲಿ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಅನ್ನುವ ಗಣಿತಜ್ಞ ಇದಕ್ಕೆ ಬುನಾದಿ ಹಾಕಿದ. ಒಂದು ಕೌಂಟರಿಗೆ ಗಂಟೆಗೆ ಸರಾಸರಿ 9 ಜನ, ಹಿಂದೆಮುಂದೆ ಬರುತ್ತಾರೆ ಅಂತಿಟ್ಟುಕೊಳ್ಳಿ. ಒಬ್ಬರ ಕೆಲಸಕ್ಕೆ ಸರಾಸರಿ 5 ನಿಮಿಷ ಬೇಕಾದರೆ, ಸರದಿ ಗಣಿತದ ಸರಳ ಸೂತ್ರದಂತೆ ಒಳಹೋದವರು ಹೊರಬರಲು ಸರಾಸರಿ 20 ನಿಮಿಷ. ಕಂಪ್ಯೂಟರ್ ನಿಧಾನವಾಗಿ ಆ 5 ನಿಮಿಷ 6 ಆಯಿತು ಅಂದರೆ? 24 ನಿಮಿಷ ಅಂದುಕೊಂಡಿರಾ? ಅಲ್ಲ ಸ್ವಾಮಿ, 60 ನಿಮಿಷ! ಒಂದೇ ಒಂದು ನಿಮಿಷದ ಸೋಮಾರಿತನಕ್ಕೆ ಮೂರು ಪಟ್ಟು ದಂಡ. ಹಳೇ ಕಂಪ್ಯೂಟರ್ ಬದಲಿಸದೆ ಕಚೇರಿ ಉಳಿಸಿದ ದುಡ್ಡು ಕಡತದಲ್ಲಿ ಕಾಣುತ್ತದೆ. ಗಂಗೊಳ್ಳಿಯ ಮೀನು ಮಾರುವ ಹೆಂಗಸು ಕಳೆದುಕೊಂಡ ಬೆಳಗಿನ ವ್ಯಾಪಾರ ಯಾವ ಕಡತದಲ್ಲೂ ಇಲ್ಲ.

ಸಕಾಲ ಇದೆಯಲ್ಲ ಅಂತೀರಾ? ಇದೆ. 2011ರ ಕಾಯ್ದೆ, 2012ರಿಂದ ಜಾರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಒಳ್ಳೆಯ ಕಾನೂನೇ. ಆದರೆ ಆ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕಾರವಾಗಿ ನಂಬರ್ ಕೊಟ್ಟ ಮೇಲೆ. 'ಸರ್ವರ್ ಇಲ್ಲ' ಅಂದರೆ ಅರ್ಜಿಯೇ ಒಳಗೆ ಹೋಗಲಿಲ್ಲ. ಅರ್ಜಿ ಇಲ್ಲದ ಮೇಲೆ ವಿಳಂಬ ಎಲ್ಲಿಂದ ಬಂತು? ಸರ್ಕಾರದ ಲೆಕ್ಕದಲ್ಲಿ ನಮ್ಮ ಅಮ್ಮಮ್ಮ ಆವತ್ತು ಕಚೇರಿಗೆ ಬಂದೇ ಇಲ್ಲ!

ಕೌಂಟರಿನ ಹುಡುಗನನ್ನು ಬೈದು ಉಪಯೋಗವಿಲ್ಲ, ಅವನೂ ಆ ಪರದೆಯ ಕೈದಿ. ನಾನು ಕೇಳುವುದು ಇಷ್ಟೇ. ಸರ್ವರ್ ಇಲ್ಲದಿದ್ದರೆ ಬಂದವರಿಗೆ ಒಂದು ಚೀಟಿ ಕೊಡಿ. ತಾರೀಕು, ಹೊತ್ತು, ಒಂದು ನಂಬರ್. ಸಕಾಲದ ಗಡಿಯಾರ ಆ ಚೀಟಿಯಿಂದಲೇ ಓಡಲಿ. ಹಿತ್ತಾಳೆ ಟೋಕನ್ ಕಾಲದಲ್ಲೂ ಕಾಯುವವನ ಕೈಯಲ್ಲಿ ಒಂದು ಸಾಕ್ಷಿ ಇರುತ್ತಿತ್ತು. ಈಗ ಅದೂ ಇಲ್ಲ.

ಮರುದಿನ ಅಮ್ಮಮ್ಮ ಮತ್ತೆ ಹೋದರು. ಎಲೆಯಡಿಕೆ ಚೀಲದ ಜೊತೆ ಒಂದು ಬುತ್ತಿಯನ್ನೂ ಕಟ್ಟಿಕೊಂಡಿದ್ದರು.