ಅಡಾಪ್ಟರ್ ಮೇಲಿನ 19 ಎಲ್ಲಿಂದ ಬಂತು?

ಹವಳಗಾ ಇರಲಿ, ಆಳಂದ, ಜೇವರ್ಗಿ ಇರಲಿ, ಗೋಡೆಯ ಸಾಕೆಟ್ಟಿಗೆ ಬರುವುದು 230 ವೋಲ್ಟ್. ಅದಕ್ಕೇ ಸಿಕ್ಕಿಸಿದ ಲ್ಯಾಪ್‌ಟಾಪ್ ಅಡಾಪ್ಟರ್ ಹೊರಗೆ ಕೊಡುವುದು ಸಾಮಾನ್ಯವಾಗಿ 19 ಅಥವಾ 20 ವೋಲ್ಟ್. ಯಾಕೆ ಇಷ್ಟೇ?

ಮೊದಲು ಹಳೆಯ ಲ್ಯಾಂಡ್‌ಲೈನ್ ನೆನಪಿಸಿಕೊಳ್ಳೋಣ. ಊರಲ್ಲಿ ಕರೆಂಟ್ ಹೋದರೂ ಆ ಫೋನ್ ನಡೆಯುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟ್ ಡಿ.ಸಿ. ಕರೆಂಟ್ ಫೋನ್ ತಂತಿಯಲ್ಲೇ ಬರುತ್ತಿತ್ತು. ದೂರದ ಮನೆಗೂ ಮುಟ್ಟುವಷ್ಟು ಹೆಚ್ಚು, ಒಣ ಕೈಯಿಂದ ತಂತಿ ಹಿಡಿದವರಿಗೆ ಅಪಾಯವಾಗದಷ್ಟು ಕಡಿಮೆ. ರಿಂಗ್ ಬಂದಾಗ ಮಾತ್ರ ವೋಲ್ಟೇಜ್ ಏರಿ ಕೈ ಜುಮ್ ಎನ್ನುತ್ತಿತ್ತು.

ಕಂಪ್ಯೂಟರ್ ಮನೆಗೆ ಬಂದಾಗಲೂ ಇದೇ ಪ್ರಶ್ನೆ: ಜನ ಮುಟ್ಟುವ ಕಡೆ ಎಷ್ಟು ವೋಲ್ಟ್ ಇರಬಹುದು? ಐಇಸಿ 60950 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಎಳೆದ ಗೆರೆ 60 ವೋಲ್ಟ್ ಡಿ.ಸಿ.

ಗೆರೆ 60 ಆದರೆ 19 ಯಾಕೆ? ಅದಕ್ಕೆ ಕಾರಣ ಬ್ಯಾಟರಿ. 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂತು. ಅದರ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಲ್ಯಾಪ್‌ಟಾಪಿನಲ್ಲಿ ನಾಲ್ಕು ಸೆಲ್ ಸಾಲಾಗಿ ಜೋಡಿಸಿದರೆ 16.8. ಅದನ್ನು ತುಂಬಿಸಲು ಸ್ವಲ್ಪ ಹೆಚ್ಚು ಬೇಕು, ಹಾಗಾಗಿ 19. ವೋಲ್ಟ್ ತೀರ ಇಳಿಸಿದರೂ ತೊಂದರೆಯೇ: 65 ವ್ಯಾಟ್‌ಗೆ 19 ವೋಲ್ಟಿನಲ್ಲಿ ಸುಮಾರು 3.4 ಆಂಪಿಯರ್ ಸಾಕು, 5 ವೋಲ್ಟಿನಲ್ಲಾದರೆ 13 ಆಂಪಿಯರ್. ಆಗ ತೆಳು ವೈರ್ ಕಾಯುತ್ತದೆ.

2012ರಲ್ಲಿ ಯುಎಸ್‌ಬಿ ಪವರ್ ಡೆಲಿವರಿ 20 ವೋಲ್ಟ್, 100 ವ್ಯಾಟ್‌ವರೆಗೆ ಹೋಯಿತು. 2021ರಲ್ಲಿ ಅದು 240 ವ್ಯಾಟ್‌ಗೆ ಏರಿದಾಗ ಆರಿಸಿಕೊಂಡ ಗರಿಷ್ಠ ವೋಲ್ಟೇಜ್ 48. ಮತ್ತೆ ಲ್ಯಾಂಡ್‌ಲೈನಿನದೇ ಅಂಕಿ, 60ರ ಗೆರೆಯ ಒಳಗೇ.

ಆದರೆ ಚೀಟಿಯ ಮೇಲೆ 19 ಎಂದು ಬರೆದ ಮಾತ್ರಕ್ಕೆ ಅಡಾಪ್ಟರ್ ಸುರಕ್ಷಿತವಲ್ಲ. ಒಳಗೆ 230ರ ಕಡೆಗೂ 19ರ ಕಡೆಗೂ ನಡುವೆ ಗಟ್ಟಿ ಇನ್ಸುಲೇಷನ್ ಇರಬೇಕು. ಅಗ್ಗದ ನಕಲಿ ಮಾಲಿನಲ್ಲಿ ಉಳಿತಾಯ ಮಾಡುವುದು ಅಲ್ಲೇ. ಮೀಟರ್ ಹಿಡಿದರೆ ಅದೂ 19 ತೋರಿಸುತ್ತದೆ. ಇನ್ಸುಲೇಷನ್ ಒಡೆದ ದಿನ, ಓದುತ್ತ ಕೂತ ಮಗುವಿನ ಕೈಗೆ ಬರುವುದು 230.

ಅದಕ್ಕೇ ನಮ್ಮ ದೇಶದಲ್ಲಿ 2012ರ ಆದೇಶದಿಂದ ಲ್ಯಾಪ್‌ಟಾಪ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯವಾಯಿತು. ಮುಂದೆ ಅಡಾಪ್ಟರ್‌ಗಳೂ ಪಟ್ಟಿಗೆ ಸೇರಿದವು. ಹೊಸದು ಕೊಳ್ಳುವಾಗ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಹುಡುಕಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಅಂಗಡಿಯಲ್ಲಿ ನಿಂತೇ ಎರಡು ನಿಮಿಷದಲ್ಲಿ ಆಗುವ ಕೆಲಸ.